ಜೊತೆಗೆ ಹೋಗುವವರು ಬೇಕಾಗಿದ್ದಾರೆ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಹುಡುಗರೇ, ಹುಡುಗಿಯರೇ, ನಿಮ್ಮ ಹತ್ತಿರ ಒಂದು ಕೆಲಸ ಕೇಳಲು ಇದನ್ನು ಬರೆಯುತ್ತಿದ್ದೇನೆ. ದೇಣಿಗೆ ಕೇಳುತ್ತಿಲ್ಲ. ಮೆರವಣಿಗೆ, ಬ್ಯಾನರು, ವೇದಿಕೆ ಯಾವುದೂ ಬೇಕಾಗಿಲ್ಲ. ತನ್ನ ನೆಲ ಬಿಟ್ಟು ಬಂದ ಒಬ್ಬ ಹೆಂಗಸು ಆಸ್ಪತ್ರೆಗೋ ಠಾಣೆಗೋ ಕೋರ್ಟಿಗೋ ಹೋಗಬೇಕಾದ ದಿನ ಬಸ್ಸಿನಲ್ಲಿ ಅವಳ ಪಕ್ಕ ಕೂತು ಹೋಗಬೇಕು, ಕೆಲಸ ಮುಗಿಯುವವರೆಗೆ ಕಾಯಬೇಕು, ಅವಳನ್ನು ಮನೆ ಮುಟ್ಟಿಸಿ ಬರಬೇಕು. ಕೇಳಲು ಸಣ್ಣ ಕೆಲಸ. ಇದನ್ನು ಮಾಡುವವರಿಲ್ಲದೆ ನಮ್ಮ ನಾಲ್ಕು ತಾಲೂಕುಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ತಮಗಾಗಿಯೇ ಇರುವ ಕಚೇರಿಯ ಮೆಟ್ಟಿಲು ಹತ್ತದೆ ಉಳಿದಿದ್ದಾರೆ.

ನಮ್ಮ ಸೀಮೆ ಎಂಥದು ಎನ್ನುವುದನ್ನು ಮೊದಲು ನೆನಪು ಮಾಡಿಕೊಳ್ಳೋಣ. ಗೋವೆಯಲ್ಲಿ ಪೋರ್ಚುಗೀಸರ ಕೈಯಲ್ಲಿ ಗುಲಾಮರಾಗಿದ್ದ ಆಫ್ರಿಕಾ ಮೂಲದವರು ತಪ್ಪಿಸಿಕೊಂಡು ಓಡಿ ಬಂದದ್ದು ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡುಗಳಿಗೆ. ಅವರ ಮಕ್ಕಳು ಮೊಮ್ಮಕ್ಕಳೇ ಇಂದಿನ ಸಿದ್ದಿಗಳು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಜೋಯಿಡಾದ ಕುಣಬಿಗಳ ಹಿರಿಯರೂ ಗೋವೆಯಿಂದ ಘಟ್ಟ ಹತ್ತಿ ಬಂದವರೆಂದು ಅವರ ಮನೆಗಳಲ್ಲಿ ಹೇಳುತ್ತಾರೆ. ಎಮ್ಮೆಗಳ ಹಿಂದೆ ಮೇವು ಹುಡುಕುತ್ತ ಮಹಾರಾಷ್ಟ್ರದ ಕಡೆಯಿಂದ ಇಳಿದವರು ಗೌಳಿಗರು. ದಾಂಡೇಲಿಯಂತೂ 1950ರ ದಶಕದ ಕೊನೆಗೆ ಕಾಗದದ ಕಾರ್ಖಾನೆ ಶುರುವಾದ ಮೇಲೆ ದೇಶದ ಮೂಲೆಮೂಲೆಯಿಂದ ಬಂದವರು ಕಟ್ಟಿದ ಊರು. ಇನ್ನು ಸೂಪಾ ಅಣೆಕಟ್ಟು. ಗಣೇಶಗುಡಿಯ ಹತ್ತಿರ ಕಾಳಿ ನದಿಗೆ ಕಟ್ಟೆ ಕಟ್ಟಿದಾಗ ಹಳೆ ಸೂಪಾ ಪೇಟೆಯೇ ನೀರಿನಡಿ ಹೋಯಿತು. ತಾಲೂಕಿನ ಹೆಸರೂ ಬದಲಾಗಿ ಜೋಯಿಡಾ ಆಯಿತು. ಮುಳುಗಿದ ಊರುಗಳಿಂದ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ರಾಮನಗರಕ್ಕೆ ಬಂದವು. ಅಲ್ಲಿನ ಅಜ್ಜಿಯರನ್ನು ಮಾತಾಡಿಸಿ ನೋಡಿ. ಮುಳುಗಿದ ಮನೆಯ ಬಾವಿ ಎಲ್ಲಿತ್ತು, ತುಳಸಿಕಟ್ಟೆ ಯಾವ ದಿಕ್ಕಿಗಿತ್ತು ಎನ್ನುವುದನ್ನು ಈಗಲೂ ಹೇಳುತ್ತಾರೆ.

ಹೀಗೆ ಇಲ್ಲಿ ಪೂರ್ತಿ ಸ್ಥಳೀಯರೆಂದು ಎದೆ ತಟ್ಟಿಕೊಳ್ಳಬಲ್ಲ ಮನೆಗಳು ಕಡಿಮೆ. ನಿಮ್ಮಲ್ಲಿ ಬಹಳ ಮಂದಿಯ ಮುತ್ತಜ್ಜಿಯೊಬ್ಬಳು ಯಾವುದೋ ಸಂಜೆ ಗುರುತಿಲ್ಲದ ಊರಿನಲ್ಲಿ ಗುರುತಿಲ್ಲದವರ ಜಗುಲಿಯಲ್ಲಿ ಕೂತು, ರಾತ್ರಿ ಕಳೆಯಲು ಜಾಗ ಕೇಳಿದ್ದಾಳೆ. ಯಾರೋ ಕೊಟ್ಟಿದ್ದಾರೆ. ಹಾಗಾಗಿಯೇ ನೀವಿದ್ದೀರಿ.

ಮುಂಡಗೋಡದ ಟಿಬೆಟಿಯನ್ನರ ಕಥೆ ನಿಮಗೆಲ್ಲ ಅರ್ಧಂಬರ್ಧ ಗೊತ್ತು. 1959ರಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಬೆನ್ನಿಗೇ ಸಾವಿರಾರು ಜನ ಹಿಮಾಲಯ ದಾಟಿದರು. ಅವರಿಗೆ ನೆಲ ಬೇಕೆಂದು ನೆಹರೂ ಕೇಳಿದಾಗ ಉದಾರವಾಗಿ ಮುಂದೆ ಬಂದದ್ದು ಅಂದಿನ ಮೈಸೂರು ರಾಜ್ಯ. 1960ರಲ್ಲಿ ಬೈಲಕುಪ್ಪೆ, 1966ರಲ್ಲಿ ಮುಂಡಗೋಡ. ಇಲ್ಲಿನ ವಸತಿಗೆ ಡೊಗುಲಿಂಗ್ ಎಂದು ಹೆಸರಿಟ್ಟರು. ಮೊದಲು ಬಂದವರಿಗೆ ಸಿಕ್ಕಿದ್ದು ಕಾಡು. ಚಳಿಯ ದೇಶದ ಹೆಂಗಸರು ನಮ್ಮ ಬಿಸಿಲಲ್ಲಿ ಬುಡ ಅಗೆದು, ಬೇರು ಕಿತ್ತು ಹೊಲ ಮಾಡಿದರು. ಬಂಗಾಳದ ಬಕ್ಸಾದಲ್ಲಿ ಆಶ್ರಯ ಪಡೆದಿದ್ದ ಡ್ರೆಪುಂಗ್, ಗಾಂದೆನ್ ಮಠಗಳ ಭಿಕ್ಷುಗಳು ಆಮೇಲೆ ಇಲ್ಲಿಗೇ ಬಂದರು. 1987ರಲ್ಲಿ ಭಿಕ್ಷುಣಿಯರಿಗಾಗಿ ಜಾಂಗ್‌ಚುಬ್ ಚೋಲಿಂಗ್ ಮಠ ಎದ್ದಿತು. ನೀವು ಹೆಮ್ಮೆಪಡಬೇಕಾದ ಸಂಗತಿ ಇನ್ನೊಂದಿದೆ. ಟಿಬೆಟಿನ ಬೌದ್ಧ ಪರಂಪರೆಯಲ್ಲಿ ಗೇಶೆ ಎನ್ನುವ ಅತ್ಯುನ್ನತ ವಿದ್ವತ್ ಪದವಿ ಶತಮಾನಗಳ ಕಾಲ ಗಂಡಸರಿಗಷ್ಟೇ ಮೀಸಲಾಗಿತ್ತು. ಅದಕ್ಕೆ ಸಮನಾದ ಗೇಶೆಮಾ ಪದವಿಯನ್ನು 20 ಭಿಕ್ಷುಣಿಯರ ಮೊದಲ ತಂಡ ಪಡೆದದ್ದು 2016ರ ಡಿಸೆಂಬರಿನಲ್ಲಿ, ದಲೈ ಲಾಮಾ ಅವರ ಕೈಯಿಂದ, ನಮ್ಮ ಮುಂಡಗೋಡದ ಡ್ರೆಪುಂಗ್ ಮಠದಲ್ಲಿ. ಹುಬ್ಬಳ್ಳಿಯ ಬಸ್ಸಿನಲ್ಲಿ ಮೆರೂನು ಬಟ್ಟೆಯ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿ ಬಂದು ಕೂತರೆ, ಅವಳು ಸುಮಾರು ಇಪ್ಪತ್ತು ವರ್ಷ ತರ್ಕಶಾಸ್ತ್ರ ಓದಿದವಳಿರಬಹುದು.

ಅಂದಮೇಲೆ ನೀವು ಸಹಾಯಕ್ಕೆ ಹೋಗುತ್ತಿರುವುದು ಕೈಲಾಗದವರ ಹತ್ತಿರವಲ್ಲ. ಅವರಿಗೆ ಅವರದೇ ವಸತಿ ಕಚೇರಿ ಇದೆ, ಆಸ್ಪತ್ರೆ ಇದೆ, ಮಹಿಳಾ ಸಂಘ ಇದೆ. ಕ್ಯಾಂಪೆಂದೇ ನಾವು ಕರೆಯುವ ಆ ವಸತಿಯೊಳಗೆ ಕಾಲಿಡುವ ಮುಂಚೆ ಅವರ ಹೆಣ್ಣುಮಕ್ಕಳನ್ನೇ ಕೇಳಬೇಕು: ನಮ್ಮಿಂದ ಏನಾದರೂ ಆಗಬೇಕೆ, ಏನಾಗಬೇಕು? ಎಷ್ಟೋ ಸಲ ಅವರು ಹೇಳುವುದು ಕ್ಯಾಂಪಿನ ಗೇಟಿನಾಚೆಯ ಕಷ್ಟವನ್ನು. ಸರ್ಕಾರಿ ಕಚೇರಿಯ ಕೌಂಟರಿನ ಮುಂದೆ ನಿಂತಾಗ ಆಗುವ ಕಷ್ಟವನ್ನು.

ಆ ಕೌಂಟರನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸಾಲಿನಲ್ಲಿ ನಿಂತ ಹೆಂಗಸಿನ ಸರದಿ ಬರುತ್ತದೆ. ರೇಷನ್ ಕಾರ್ಡ್, ವೋಟರ್ ಕಾರ್ಡ್ ಎಂದು ಒಳಗಿನವರು ಕೈ ಚಾಚುತ್ತಾರೆ. ಅವಳು ಪ್ಲಾಸ್ಟಿಕ್ ಕವರಿನಿಂದ ಆರ್‌ಸಿ ಪುಸ್ತಕ ತೆಗೆಯುತ್ತಾಳೆ. ಹೊರದೇಶದವರ ನೋಂದಣಿ ಪತ್ರ ಅದು; ಮೂಲೆ ಮಡಚಿದೆ, ನವೀಕರಣದ ಸೀಲುಗಳು ಒಂದರ ಮೇಲೊಂದು ಬಿದ್ದಿವೆ. ಒಳಗಿನವರು ಹಾಳೆ ತಿರುವುತ್ತಾರೆ, ಪಕ್ಕದವರಿಗೆ ತೋರಿಸುತ್ತಾರೆ, "ಇದು ನಡೆಯಲ್ಲಮ್ಮ, ಸಾಹೇಬರು ಬಂದಮೇಲೆ ಬಾ" ಎನ್ನುತ್ತಾರೆ. ಹಿಂದಿನ ಸಾಲು ಗೊಣಗುತ್ತದೆ. ಅವಳು ಕವರನ್ನು ಸೆರಗಿನೊಳಗೋ ಚೀಲದೊಳಗೋ ತುರುಕಿಕೊಂಡು ಹೊರಟುಬಿಡುತ್ತಾಳೆ. ಗಂಡನ ಹೊಡೆತ ಹೇಳಿಕೊಳ್ಳಲು ಬಂದವಳಾಗಿದ್ದರೆ ಆ ಮಾತು ಅವಳ ಬಾಯಿಂದ ಹೊರಗೆ ಬಂದೇ ಇರುವುದಿಲ್ಲ. ಅಂದು ಪಕ್ಕದಲ್ಲಿ ನಿಂತು, "ಸರ್, ಇದು ಸರ್ಕಾರವೇ ಕೊಟ್ಟ ಗುರುತಿನ ಪತ್ರ. ದಯವಿಟ್ಟು ಅರ್ಜಿ ತಗೊಳ್ಳಿ, ಸ್ವೀಕೃತಿ ಕೊಡಿ" ಎಂದು ಹೇಳುವವರೊಬ್ಬರು ಇದ್ದಿದ್ದರೆ ಆ ದಿನ ಬೇರೆಯೇ ಆಗುತ್ತಿತ್ತು.

ಹಾಗೆ ಹೇಳಲು ಧೈರ್ಯದ ಜೊತೆ ತಿಳಿವಳಿಕೆಯೂ ಬೇಕು. ನಿರಾಶ್ರಿತರ ಕುರಿತ 1951ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಹಾಗೆಂದು ಅವರು ಕಾನೂನಿನ ಹೊರಗಿಲ್ಲ. ಸಂವಿಧಾನದ 14 ಮತ್ತು 21ನೇ ವಿಧಿಗಳು ರಕ್ಷಿಸುವುದು ಯಾವುದೇ ವ್ಯಕ್ತಿಯನ್ನು, ನಾಗರಿಕರನ್ನಷ್ಟೇ ಅಲ್ಲ. ಇದು ಪುಸ್ತಕದ ಮಾತಾಗಿ ಉಳಿದಿಲ್ಲ. 1998ರಲ್ಲಿ ಹೌರಾ ರೈಲು ನಿಲ್ದಾಣದಲ್ಲಿ ಬಾಂಗ್ಲಾದೇಶದ ಹೆಣ್ಣುಮಗಳೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ಕಲ್ಕತ್ತೆಯ ವಕೀಲೆ ಚಂದ್ರಿಮಾ ದಾಸ್ ಅವಳ ಪರವಾಗಿ ಹೈಕೋರ್ಟಿಗೆ ಹೋದರು. ಅವಳು ನಮ್ಮ ದೇಶದವಳಲ್ಲ, ಪರಿಹಾರ ಕೇಳುವ ಹಕ್ಕಿಲ್ಲ ಎಂದು ರೈಲ್ವೆ ವಾದಿಸಿತು. 2000ದಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ, ಬದುಕುವ ಹಕ್ಕು ಈ ನೆಲದ ಮೇಲಿರುವ ಪರದೇಶದವರಿಗೂ ಇದೆ ಎಂದು ಹೇಳಿ 10 ಲಕ್ಷ ರೂಪಾಯಿ ಪರಿಹಾರದ ಆದೇಶವನ್ನು ಎತ್ತಿಹಿಡಿಯಿತು. ಗುರುತು ಪರಿಚಯವಿಲ್ಲದ ಒಬ್ಬ ಹೆಣ್ಣಿಗಾಗಿ ಇನ್ನೊಬ್ಬಳು ಎದ್ದು ನಿಂತದ್ದರಿಂದ ಬಂದ ತೀರ್ಪು ಅದು.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯೂ ದೂರು ಕೊಡುವ ಹೆಣ್ಣು ಭಾರತದ ಪ್ರಜೆಯೇ ಆಗಿರಬೇಕೆಂದು ಹೇಳುವುದಿಲ್ಲ. ಆ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ರಕ್ಷಣಾಧಿಕಾರಿಯ ಕೆಲಸ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳದು. ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ, ನೀವೆಲ್ಲ ಬಲ್ಲ ಸಿಡಿಪಿಒ ಕಚೇರಿಯದು. ಒಂದು ಮನೆಯಲ್ಲಿ ಹೊಡೆತ ಬಡಿತ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಅಲ್ಲಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ ಎಂದು ಕಾಯ್ದೆಯೇ ಭರವಸೆ ಕೊಟ್ಟಿದೆ. ಇನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ. ಹೆಂಗಸರಿಗೆ, ಮಕ್ಕಳಿಗೆ ಅವರ ಆದಾಯ ಎಷ್ಟೇ ಇರಲಿ ವಕೀಲರನ್ನು ಪುಕ್ಕಟೆಯಾಗಿ ಒದಗಿಸಬೇಕು. ಕೋರ್ಟಿನ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ, ಇಲ್ಲವೇ 15100ಕ್ಕೆ ಒಂದು ಕರೆ ಸಾಕು. ಟಿಬೆಟಿಯನ್ನರ ವಿಷಯದಲ್ಲಿ ಕೇಂದ್ರ ಗೃಹ ಸಚಿವಾಲಯ 2014ರಲ್ಲಿ ಒಂದು ಪುನರ್ವಸತಿ ನೀತಿಯನ್ನೇ ಹೊರಡಿಸಿದೆ. ಸರ್ಕಾರಿ ಯೋಜನೆಗಳ ಸೌಲಭ್ಯ ಅವರಿಗೂ ಮುಟ್ಟಲಿ ಎಂದು ರಾಜ್ಯಗಳಿಗೆ ಹೇಳಿದೆ. ಈ ಕಾಗದಗಳ ಒಂದೊಂದು ಪ್ರತಿ ನಿಮ್ಮ ಚೀಲದಲ್ಲಿರಲಿ. ಕೌಂಟರಿನಲ್ಲಿ ಜಗಳವಾಡುವುದಕ್ಕಿಂತ ಕಾಗದ ಮುಂದಿಡುವುದು ಬೇಗ ಕೆಲಸ ಮಾಡುತ್ತದೆ.

ನಮ್ಮ ಕಡೆಯ ಇನ್ನೊಂದು ಕಷ್ಟ ದೂರ. ಜಿಲ್ಲಾ ಕೇಂದ್ರ ಕಾರವಾರ ಘಟ್ಟದ ಕೆಳಗೆ. ನಾವು ನಾಲ್ಕೂ ತಾಲೂಕಿನವರು ಘಟ್ಟದ ಮೇಲೆ. ದೊಡ್ಡ ಕಾಯಿಲೆಗೆ ನಾವು ಹೋಗುವುದು ಜನ ಕಿಮ್ಸ್ ಎನ್ನುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೆ, ಅದು ಬೇರೆ ಜಿಲ್ಲೆ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆ ಇಲ್ಲ ನಿಜ. ಆದರೆ ಜೋಯಿಡಾದ ಒಳಗಿನ ಹಳ್ಳಿಗಳಲ್ಲಿ ಬಸ್ಸೇ ದಿನಕ್ಕೊಂದು ಸಲ ಮುಖ ತೋರಿಸಿದರೆ ಪುಣ್ಯ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಡುವಿನ ದಾರಿಯಲ್ಲಿ ಸಂಜೆ ಮೇಲೆ ಗಂಡಸರೂ ಒಬ್ಬರೇ ಓಡಾಡುವುದಿಲ್ಲ, ಹೆಣ್ಣುಮಗಳು ಹೇಗೆ ಹೋಗಬೇಕು? ಮೊಬೈಲಿಗೆ ಸಿಗ್ನಲ್ ಬರಬೇಕಾದರೆ ಇಂಥ ದಿಬ್ಬ, ಇಂಥ ತಿರುವು ಎಂದು ಊರಿನವರು ಗುರುತಿಟ್ಟುಕೊಂಡಿರುತ್ತಾರೆ. ತುರ್ತು ಸಹಾಯಕ್ಕೆ 112, ಮಹಿಳಾ ಸಹಾಯವಾಣಿಗೆ 181 ಎಂದು ಗೋಡೆಯ ಮೇಲೆ ಬರೆದರೆ ಸಾಲದು. ಎಲ್ಲಿ ನಿಂತರೆ ಆ ಕರೆ ಹೋಗುತ್ತದೆ ಎನ್ನುವುದೂ ಪ್ರತಿ ಹೆಣ್ಣುಮಗುವಿಗೆ ಗೊತ್ತಿರಬೇಕು.

ದೂರದ ಲೆಕ್ಕ ಪ್ರಾಣದ ಲೆಕ್ಕವಾಗುವ ಸಂದರ್ಭವೂ ಇದೆ. ಅತ್ಯಾಚಾರಕ್ಕೆ ಒಳಗಾದವಳಿಗೆ ಎಚ್‌ಐವಿ ತಗಲದಂತೆ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಗರ್ಭ ನಿಲ್ಲದಂತೆ ಕೊಡುವ ಮಾತ್ರೆಯೂ ಹಾಗೆಯೇ. ಸರ್ಕಾರಿ ಆಸ್ಪತ್ರೆಯಿರಲಿ ಖಾಸಗಿಯಿರಲಿ, ಇಂಥವಳು ಬಂದರೆ ತಕ್ಷಣ ಹಣ ಕೇಳದೆ ಚಿಕಿತ್ಸೆ ಕೊಡಲೇಬೇಕು, ಅದು ಕಾನೂನು. ಮಾನದ ಮಾತೆಂದು ಮನೆಯವರು ಎರಡು ದಿನ ಬಾಗಿಲು ಹಾಕಿಕೊಂಡು ಕೂತರೆ, ಮೂರನೇ ದಿನ ಬಸ್ಸು ತಪ್ಪಿದರೆ, ಆ ಮೂರು ದಿನ ಮುಗಿದೇ ಹೋಯಿತು. ಹಾಗಾಗಿ ಪ್ರತಿ ಊರಿನಲ್ಲೂ ಮಧ್ಯರಾತ್ರಿ ಕರೆದರೂ ಬರುವ ಗಾಡಿ ಯಾರದ್ದು, ಆಶಾ ಕಾರ್ಯಕರ್ತೆಯ ಮನೆ ಯಾವುದು ಎನ್ನುವುದು ನಿಮಗೆ ಇವತ್ತೇ ಗೊತ್ತಿರಬೇಕು. ಅವಳ ಅಂದಿನ ಬಟ್ಟೆಯನ್ನು ಒಗೆಯದೆ ಕಾಗದದಲ್ಲಿ ಸುತ್ತಿ ಇಡಬೇಕೆಂಬುದೂ ಗೊತ್ತಿರಬೇಕು.

ಈಗ ನಿಮ್ಮ ಕೈಯಲ್ಲಿರುವ, ಬೇರೆ ಯಾರ ಹತ್ತಿರವೂ ಇಲ್ಲದ ಒಂದು ಶಕ್ತಿಯ ಬಗ್ಗೆ ಹೇಳುತ್ತೇನೆ. ನಿಮ್ಮ ನಾಲಿಗೆ. ಹಳಿಯಾಳದ ಹುಡುಗಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಬೆರೆತ ಹಿಂದಿ ಆಡುತ್ತಾಳೆ. ಜೋಯಿಡಾದವನಿಗೆ ಕೊಂಕಣಿ ಹಾಲಿನ ಜೊತೆಗೇ ಬಂದದ್ದು. ಮುಂಡಗೋಡದ ಅಂಗಡಿಯಲ್ಲಿ ತಕ್ಕಡಿ ಹಿಡಿದು ಬೆಳೆದ ಹುಡುಗರು ಟಿಬೆಟಿಯನ್ ಗಿರಾಕಿಯನ್ನು ಅಮಾಲಾ, ಅಂದರೆ ಅಮ್ಮಾ, ಎಂದು ಕರೆದು ಅವರ ಭಾಷೆಯಲ್ಲೇ ಚೌಕಾಸಿ ಮಾಡುತ್ತಾರೆ. ಕ್ಯಾಂಪಿನ ಹುಡುಗಿಯರು ನಮಗಿಂತ ಚೆನ್ನಾಗಿ ಹುಬ್ಬಳ್ಳಿ ಕನ್ನಡ ಮಾತಾಡುತ್ತಾರೆ. ಬೆಂಗಳೂರಿನಲ್ಲಿ ಎಷ್ಟು ಹಣ ಕೊಟ್ಟರೂ ಇಂಥ ದುಭಾಷಿಗಳು ಸಿಗುವುದು ಕಷ್ಟ. ಮುಟ್ಟು ನಿಂತಿದೆ, ಬಿಳಿಸೆರಗು ಹೋಗುತ್ತಿದೆ, ಗಂಡ ರಾತ್ರಿ ಕುತ್ತಿಗೆ ಹಿಚುಕಿದ, ಈ ಮಾತುಗಳನ್ನು ಹೆಣ್ಣು ಬೇರೆ ಭಾಷೆಯಲ್ಲಿ ಹೇಳಲಾರಳು. ಡಾಕ್ಟರ ಮುಂದೆ ಅವಳ ಪರವಾಗಿ ಮೈದುನನೋ ಮಾವನೋ ಮಾತಾಡಿದರೆ "ಹೊಟ್ಟೆನೋವಂತೆ" ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಮಕ್ಕಳನ್ನು ದುಭಾಷಿ ಮಾಡುವುದು ಇನ್ನೂ ಅನ್ಯಾಯ. ತಾಯಿಯ ನೋವನ್ನು ಹತ್ತು ವರ್ಷದ ಮಗಳ ಬಾಯಿಂದ ಹೇಳಿಸಬೇಡಿ.

ದುಭಾಷಿಯಾಗಿ ಕೂತಾಗ ನೀವು ಅವಳ ಮಾತಿಗೆ ಒಂದಕ್ಷರ ಸೇರಿಸಬಾರದು, ಒಂದಕ್ಷರ ಬಿಡಬಾರದು. "ಪಾಪ, ಇವಳು ತುಂಬ ಕಷ್ಟದಲ್ಲಿದ್ದಾಳೆ ಸರ್" ಎಂದು ನಿಮ್ಮ ಮಾತು ಬೆರೆಸಬೇಡಿ. ಕೆಟ್ಟ ಬೈಗುಳವನ್ನು ಅವಳು ಹಾಗೆಯೇ ಹೇಳಿದರೆ ನೀವೂ ಹಾಗೆಯೇ ಹೇಳಿ, ಯಾಕೆಂದರೆ ಅದು ನಾಳೆ ಸಾಕ್ಷಿ. ಅಧಿಕಾರಿ ನಿಮ್ಮ ಮುಖ ನೋಡಿ ಪ್ರಶ್ನೆ ಕೇಳಿದರೆ ಅವಳ ಮುಖ ನೋಡಿ ಕೇಳುವಂತೆ ವಿನಯದಿಂದ ಹೇಳಿ. ಬರೆದುಕೊಂಡ ಹೇಳಿಕೆಯನ್ನು ಅವಳಿಗೆ ಅವಳ ಭಾಷೆಯಲ್ಲಿ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಲು ಬಿಡಬೇಡಿ. ಮತ್ತು ಹೊರಗೆ ಬಂದ ಮೇಲೆ ಅಲ್ಲಿ ಕೇಳಿದ್ದನ್ನು ಮರೆತುಬಿಡಿ. ನಮ್ಮ ಊರುಗಳು ಚಿಕ್ಕವು. ಚಹಾದಂಗಡಿಯಲ್ಲಿ ಆಡಿದ ಒಂದು ಮಾತು ಅವಳಿಗಿಂತ ಮುಂಚೆ ಅವಳ ಮನೆ ಮುಟ್ಟುತ್ತದೆ.

ಇಲ್ಲಿ ಒಂದು ಕಹಿ ವಿಷಯವನ್ನು ನಿಮ್ಮ ಮುಂದೆ ಇಡಲೇಬೇಕು. ಸಹಾಯಕ್ಕೆ ಬಂದವನೇ ಅಪಾಯವಾಗುವುದುಂಟು. 2002ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳ ನಿರಾಶ್ರಿತರ ಶಿಬಿರಗಳಿಂದ ಬಂದ ವರದಿ ಜಗತ್ತನ್ನೇ ತಲೆತಗ್ಗಿಸುವಂತೆ ಮಾಡಿತು. ಹಸಿದ ಹುಡುಗಿಯರಿಂದ ಹಿಟ್ಟಿಗೆ, ಎಣ್ಣೆಗೆ, ಪ್ಲಾಸ್ಟಿಕ್ ಹೊದಿಕೆಗೆ ಬದಲಾಗಿ ದೇಹ ಕೇಳಿದವರಲ್ಲಿ ಪರಿಹಾರ ಹಂಚಲು ಬಂದ ಸಂಸ್ಥೆಗಳ ನೌಕರರೂ ಇದ್ದರು. ಮರುವರ್ಷವೇ, 2003ರಲ್ಲಿ, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ತಮ್ಮ ಸಿಬ್ಬಂದಿಗೆಲ್ಲ ಕಟ್ಟುನಿಟ್ಟಿನ ನಿಯಮ ಹೊರಡಿಸಬೇಕಾಯಿತು. ನೆರವಿಗೆ ಪ್ರತಿಯಾಗಿ ಲೈಂಗಿಕ ಸಂಬಂಧ ಕೇಳುವುದು ನಿಷಿದ್ಧ, 18 ತುಂಬದವರ ಜೊತೆಗಂತೂ ಯಾವ ಕಾರಣಕ್ಕೂ ಇಲ್ಲ, ಸಹೋದ್ಯೋಗಿಯ ಮೇಲೆ ಸಂಶಯ ಬಂದರೂ ತಿಳಿಸಲೇಬೇಕು. ದೊಡ್ಡ ಸಂಸ್ಥೆಗಳಿಗೆ ಹಾಕಿದ ಆ ಕಟ್ಟಳೆ ನಮ್ಮ ಸಣ್ಣ ಗುಂಪಿಗೂ ಬೇಕು. ಹುಡುಗಿಯೊಬ್ಬಳ ಜೊತೆ ಹೋಗುವಾಗ ಇಬ್ಬರು ಹೋಗಿ, ಅವರಲ್ಲಿ ಒಬ್ಬಳು ಹೆಣ್ಣಾಗಿರಲಿ. ಅವಳ ಮೊಬೈಲ್ ನಂಬರನ್ನು ಕೆಲಸ ಮುಗಿದ ಮೇಲೆ ಅಳಿಸಿ. ರಾತ್ರಿ ಹತ್ತಕ್ಕೆ "ಊಟ ಆಯ್ತಾ" ಎಂದು ಮೆಸೇಜು ಹಾಕುವ ಗೆಳೆಯ ಗುಂಪಿನಲ್ಲಿದ್ದರೆ ಅವತ್ತೇ ಅವನನ್ನು ಹೊರಗಿಡಿ. ನಿಷ್ಠುರವಾದರೂ ಆಗಲಿ.

ಫೋಟೋ ಬೇಡವೇ ಬೇಡ. ಕಂಬಳಿ ಕೊಡುವಾಗ ಕೈ ಚಾಚಿದ ಹೆಣ್ಣಿನ ಮುಖ ನಿಮ್ಮ ಸ್ಟೇಟಸ್ಸಿನಲ್ಲಿ ಬಂದರೆ, ಅವಳು ಯಾರಿಂದ ತಪ್ಪಿಸಿಕೊಂಡು ಬಂದಿದ್ದಾಳೋ ಅವನಿಗೆ ಅವಳ ವಿಳಾಸ ಸಿಕ್ಕಿತು ಎಂದೇ ಅರ್ಥ. ಅತ್ಯಾಚಾರಕ್ಕೆ ಒಳಗಾದವಳ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಜೈಲಿಗೆ ಹೋಗುವ ಅಪರಾಧ. ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸಿದೆನಷ್ಟೆ ಎನ್ನುವ ಸಮಜಾಯಿಷಿ ಅವಳ ಬದುಕನ್ನು ಸರಿಮಾಡುವುದಿಲ್ಲ.

18 ತುಂಬದ ಹುಡುಗಿ ನಿಮ್ಮ ಮುಂದೆ ಅತ್ತು, "ಯಾರಿಗೂ ಹೇಳಬೇಡ ಅಕ್ಕಾ" ಎಂದರೆ ಆಣೆ ಹಾಕಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. "ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ, ಬೇರೆ ಯಾರಿಗೂ ಇಲ್ಲ" ಎಂದು ನಿಜವನ್ನೇ ಹೇಳಿ. ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗುವಿನ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳಿಗೆ ಇಷ್ಟವಾದ ಜಾಗದಲ್ಲಿ, ಸಮವಸ್ತ್ರ ಹಾಕದ ಅಧಿಕಾರಿ ಬರೆದುಕೊಳ್ಳಬೇಕು. ರಾತ್ರಿ ಅವಳನ್ನು ಠಾಣೆಯಲ್ಲಿ ಕೂರಿಸುವಂತಿಲ್ಲ. ದೊಡ್ಡವರ ವಿಷಯ ಬೇರೆ. ವಯಸ್ಸಿಗೆ ಬಂದ ಹೆಣ್ಣು ದೂರು ಕೊಡುವುದಿಲ್ಲ, ಔಷಧಿ ಮಾತ್ರ ಸಾಕು ಎಂದರೆ ಅಷ್ಟೇ. ನಿಮಗೆ ಸಿಟ್ಟು ಬಂದರೂ ತೀರ್ಮಾನ ಅವಳದು. ಅವಳು ವಾಪಸು ಅದೇ ಮನೆಗೆ ಹೋದರೂ ಬಾಗಿಲು ಮುಚ್ಚಬೇಡಿ, ಇನ್ನೊಂದು ಸಲ ಕರೆದಾಗ ಮೊದಲ ಸಲದಂತೆಯೇ ಹೋಗಿ.

ಭಯ ಎಲ್ಲಿದೆ ಎನ್ನುವುದನ್ನು ನಾವೇ ಊಹಿಸಬಾರದು. ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರದಲ್ಲಿ ಸೊಮಾಲಿಯಾದ ಹೆಂಗಸರು ಸೌದೆಗೆಂದು ಪೊದೆಕಾಡಿಗೆ ಹೋದಾಗ ದಾಳಿಗಳಾಗುತ್ತಿದ್ದವು. 1990ರ ದಶಕದ ಕೊನೆಗೆ ಶಿಬಿರದಲ್ಲೇ ಸೌದೆ ಹಂಚಲು ಶುರು ಮಾಡಿದರು. ಸೌದೆಯ ದಾರಿಯಲ್ಲಿ ದಾಳಿ ಕಡಿಮೆಯಾಯಿತು, ಬೇರೆ ಜಾಗಗಳಲ್ಲಿ ಹೆಚ್ಚಿತು. ಒಂದು ದಾರಿ ಕಟ್ಟಿದರೆ ಕೇಡು ಇನ್ನೊಂದು ದಾರಿ ಹಿಡಿಯುತ್ತದೆ ಎನ್ನುವುದನ್ನು ಅಲ್ಲಿಯವರು ನೋವುಂಡು ಕಲಿತರು. ಎಲ್ಲಿ ಭಯವಾಗುತ್ತದೆ, ಯಾವ ಹೊತ್ತಿನಲ್ಲಿ, ಯಾರಿಂದ ಎನ್ನುವುದನ್ನು ಹೆಂಗಸರಲ್ಲೇ ಕೇಳಬೇಕು, ಮತ್ತೆ ಮತ್ತೆ ಕೇಳಬೇಕು. ನಕ್ಷೆ ಅವರ ತಲೆಯಲ್ಲಿದೆ.

ದೂರದ ಆಫ್ರಿಕಾ ಯಾಕೆ, 2019ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯ ನದಿಗಳು ಉಕ್ಕಿದಾಗ ಶಾಲೆಗಳು ರಾತ್ರೋರಾತ್ರಿ ನೆರೆ ಸಂತ್ರಸ್ತರ ಕಾಳಜಿ ಕೇಂದ್ರಗಳಾದವು. ಶಾಲೆಯ ಕೋಣೆಯಲ್ಲಿ ಹತ್ತು ಮನೆಯವರು ಸಾಲಾಗಿ ಮಲಗಿದಾಗ ಹದಿಹರೆಯದ ಹುಡುಗಿ ಎಲ್ಲಿ ಮಲಗಬೇಕು? ಶೌಚಾಲಯ ಆಟದ ಬಯಲಿನಾಚೆ, ಚಿಲಕವಿಲ್ಲ, ದೀಪವಿಲ್ಲ. ಸಂಜೆಯಿಂದ ಅವಳು ನೀರೇ ಕುಡಿಯುವುದಿಲ್ಲ. ಮುಟ್ಟಿನ ಬಟ್ಟೆ ಕೇಳಲು ನಾಚಿಕೆ, ಹಂಚುವವರೆಲ್ಲ ಗಂಡಸರು. ಮುಂದಿನ ಮಳೆಗಾಲಕ್ಕೆ ಮುನ್ನ ನಿಮ್ಮ ಊರಿನ ಕಾಳಜಿ ಕೇಂದ್ರ ಯಾವ ಶಾಲೆ ಎಂದು ತಹಶೀಲ್ದಾರರ ಕಚೇರಿಯಲ್ಲಿ ಕೇಳಿ, ಹೋಗಿ ಶೌಚಾಲಯದ ಚಿಲಕ ಎಳೆದು ನೋಡಿ. ಬರದಿದ್ದರೆ ಹಾಕಿಸಿ. ಒಂದು ಚಿಲಕ, ಒಂದು ಬಲ್ಬು, ಹೆಂಗಸರಿಗೆ ಹೆಂಗಸರೇ ಹಂಚುವ ಒಂದು ಮೂಲೆ, ಇದನ್ನು ಮಾಡಲು ಯಾವ ಯೋಜನೆಯ ಅನುದಾನಕ್ಕೂ ಕಾಯಬೇಕಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಹಳಿಯಾಳದ ಸುತ್ತ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಮಹಾರಾಷ್ಟ್ರದಿಂದ, ನಮ್ಮದೇ ಬಯಲುಸೀಮೆಯಿಂದ ಬಂದ ಗಂಡ ಹೆಂಡಿರು, ಕಂಕುಳಲ್ಲಿ ಕೂಸು. ಅವರನ್ನು ಯಾರೂ ನಿರಾಶ್ರಿತರೆಂದು ಕರೆಯುವುದಿಲ್ಲ. ಆದರೂ ಹೊಲದ ಬದುವಿನ ತಾಡಪಾಲಿನ ಗುಡಿಸಲಿನಲ್ಲಿ ತುಂಬು ಬಸುರಿಗೆ ನೋವು ಬಂದಾಗ ಅವಳಿಗೆ ಈ ಊರಿನ ಆಸ್ಪತ್ರೆ ಯಾವ ದಿಕ್ಕಿಗಿದೆ ಎನ್ನುವುದೂ ಗೊತ್ತಿರುವುದಿಲ್ಲ. "ನಡೀರಿ ಅಕ್ಕಾ, ನಾನೂ ಬರ್ತೀನಿ" ಎನ್ನುವವರು ಅವಳಿಗೂ ಬೇಕು.

ಟಿಬೆಟಿಯನ್ ಹೆಂಗಸರದು ಇದಕ್ಕೆ ತಿರುಗುಮುರುಗಾದ ಪಯಣ. ಚಳಿಗಾಲ ಬಂತೆಂದರೆ ಸ್ವೆಟರಿನ ಗಂಟು ಹೊತ್ತು ದೇಶದ ದೂರದೂರದ ನಗರಗಳಿಗೆ ಹೋಗುತ್ತಾರೆ. ಫುಟ್‌ಪಾತಿನ ಅಂಗಡಿ, ಬಾಡಿಗೆ ಕೋಣೆ, ರಾತ್ರಿ ರೈಲು. ಮನೆಯಲ್ಲಿ ಅಜ್ಜಿ ಮತ್ತು ಮಕ್ಕಳು. ಹೋಗುವವಳಿಗೂ ಭಯ, ಉಳಿಯುವ ಹುಡುಗಿಗೂ ಭಯ. ದೂರದ ಊರಿನಲ್ಲಿ ಏನಾದರೂ ಆದರೆ ಅಲ್ಲಿನ ಠಾಣೆಯಲ್ಲೇ ದೂರು ಕೊಡಬೇಕೆಂದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿಕೊಳ್ಳಬೇಕು. ಮುಂಡಗೋಡಕ್ಕೆ ಮರಳಿ ಬಂದ ಮೇಲೂ ಕೊಡಬಹುದು. ಹೊರಡುವ ಮುಂಚೆ ಆರ್‌ಸಿಯ ಎರಡು ಜೆರಾಕ್ಸ್ ತೆಗೆಸಿ, ಒಂದನ್ನು ನಂಬಿಕಸ್ತ ಹೆಣ್ಣುಮಗಳ ಹತ್ತಿರ ಇಟ್ಟು ಹೋಗಲು ಹೇಳಿ. ಕಾಗದವೆಲ್ಲ ಗಂಡನ ಕಪಾಟಿನಲ್ಲಿದ್ದರೆ ಬೀಗದ ಕೈಯೂ ಅವನದೇ ಆಗಿರುತ್ತದೆ.

ಹುಡುಗರೇ, ನಿಮಗೆ ಪ್ರತ್ಯೇಕವಾಗಿ ಒಂದು ಮಾತು. ಇದು ಹೆಣ್ಣುಮಕ್ಕಳ ಕೆಲಸ, ನಮಗೇನು ಎಂದು ಹಿಂದೆ ಸರಿಯಬೇಡಿ. ಒಳಗೆ ಕೂತು ಅವಳ ಮಾತು ಕೇಳುವ ಕೆಲಸ ನಿಮ್ಮದಲ್ಲ ನಿಜ. ಬೈಕಿನ ಹಿಂದೆ ಅವಳನ್ನು ಕೂರಿಸಿಕೊಂಡು ಹೋಗುವುದೂ ಬೇಡ, ಅದರಿಂದ ಅವಳಿಗೇ ತೊಂದರೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಭಿಕ್ಷುಣಿಯ ಬೋಳುತಲೆ ನೋಡಿ ಕೂಗು ಹಾಕುವವರು, ಸಿದ್ದಿ ಹುಡುಗಿಯ ಕೂದಲು ನೋಡಿ ನಗುವವರು, "ನೇಪಾಳಿ, ಚೀನೀ" ಎಂದು ಹಿಂದೆ ಬೀಳುವವರು ನಿಮ್ಮ ಜೊತೆ ಕ್ರಿಕೆಟ್ ಆಡುವವರೇ. ಅವರ ಬಾಯಿ ಮುಚ್ಚಿಸಲು ಹುಡುಗಿಯರಿಂದಾಗದು, ನಿಮ್ಮಿಂದಾಗುತ್ತದೆ. ಅರ್ಜಿ ಬರೆಯುವುದು, ಆನ್‌ಲೈನ್ ನೋಂದಣಿ ಮಾಡುವುದು, ಗಾಡಿ ಗೊತ್ತು ಮಾಡುವುದು, ದಾರಿದೀಪಕ್ಕೆ ಪಂಚಾಯಿತಿ ಬೆನ್ನು ಹತ್ತುವುದು, ಇದೆಲ್ಲ ನೀವು ಮಾಡಬೇಕಾದದ್ದೇ.

ದಾಂಡೇಲಿಯ ಬಂಗೂರನಗರದ ಕಾಲೇಜಿನಲ್ಲಿ ಓದುವವರೋ, ಹಳಿಯಾಳದ ಎಂಜಿನಿಯರಿಂಗ್ ವಿದ್ಯಾರ್ಥಿಗಳೋ, ಓದು ಬಿಟ್ಟು ರೆಸಾರ್ಟಿನಲ್ಲಿ ರ್‍ಯಾಫ್ಟಿಂಗ್ ಗೈಡ್ ಆಗಿರುವವರೋ, ಐದು ಜನ ಸೇರಿದರೂ ಸಾಕು. ಐವರಲ್ಲಿ ಮೂವರು ಹುಡುಗಿಯರಿರಲಿ, ಒಬ್ಬಳು ಕ್ಯಾಂಪಿನವಳೋ ಸಿದ್ದಿ ವಾಡೆಯವಳೋ ಗೌಳಿವಾಡೆಯವಳೋ ಆಗಿರಲಿ. ತಾಲೂಕು ಕಾನೂನು ಸೇವಾ ಸಮಿತಿ ಅರೆಕಾಲಿಕ ಕಾನೂನು ಸ್ವಯಂಸೇವಕರನ್ನು ತರಬೇತಿ ಕೊಟ್ಟು ತೆಗೆದುಕೊಳ್ಳುತ್ತದೆ. ಅರ್ಜಿ ಕರೆದಾಗ ಹಾಕಿ. ಆ ಗುರುತಿನ ಚೀಟಿ ಕೊರಳಲ್ಲಿದ್ದರೆ ಠಾಣೆಯಲ್ಲಿ ಕುರ್ಚಿ ಸಿಗುತ್ತದೆ.

ಬರುವ ಸೋಮವಾರ ಶುರು ಮಾಡಿ. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ನಿಮ್ಮ ತಾಲೂಕನ್ನು ನೋಡಿಕೊಳ್ಳುವ ಸಿಡಿಪಿಒ ಕಚೇರಿಗೆ ಹೋಗಿ. ದಾಂಡೇಲಿಯವರು ತಮ್ಮದು ಯಾವ ಕಚೇರಿಗೆ ಸೇರುತ್ತದೆಂದು ಕೇಳಿಯೇ ಹೋಗಿ. ರಕ್ಷಣಾಧಿಕಾರಿ ಯಾವ ದಿನ ಸಿಗುತ್ತಾರೆ, ನೊಂದ ಹೆಂಗಸರಿಗಾಗಿ ಇರುವ ಹತ್ತಿರದ ಸಾಂತ್ವನ ಕೇಂದ್ರ ಎಲ್ಲಿದೆ, ಕಾರವಾರದ ಸಖಿ ಕೇಂದ್ರಕ್ಕೆ ರಾತ್ರಿ ಹೊತ್ತಿನಲ್ಲಿ ಹೇಗೆ ಕರೆ ಮಾಡಬೇಕು, ತಾಲೂಕು ಆಸ್ಪತ್ರೆಯಲ್ಲಿ ಹೆಣ್ಣು ಡಾಕ್ಟರು ಯಾವ ದಿನ ಇರುತ್ತಾರೆ, ಠಾಣೆಯಲ್ಲಿ ಮಹಿಳಾ ಸಿಬ್ಬಂದಿ ಯಾರು, ಊರಿಗೆ ಕೊನೆಯ ಬಸ್ಸು ಎಷ್ಟಕ್ಕೆ, ಅದು ತಪ್ಪಿದರೆ ಅವಳು ಎಲ್ಲಿ ಉಳಿಯಬಹುದು, ಒಂದೊಂದನ್ನೂ ಹೋಗಿ ಕೇಳಿ ಬರೆದುಕೊಳ್ಳಿ, ಫೋನ್ ಮಾಡಿ ಹತ್ತುತ್ತದೆಯೇ ನೋಡಿ. ಮೂರು ತಿಂಗಳಿಗೊಮ್ಮೆ ತಿದ್ದಿ. ಆ ಪುಸ್ತಕದಲ್ಲಿ ನೀವು ಜೊತೆಗೆ ಹೋದ ಯಾವ ಹೆಣ್ಣಿನ ಹೆಸರೂ ಇರಬಾರದು.